ಹಾಡುವ ಗಂಡು, ಹಾಡದ ಹೆಣ್ಣು

ಪ್ರಶ್ನೆ: ಹಾಡುಹಕ್ಕಿಗಳಲ್ಲಿ ಗಂಡು ಹೆಣ್ಣುಗಳ ಮಿದುಳಿನ ರಚನೆಯೇ ಭಿನ್ನವಾಗಿರುವುದೆ?

ಉತ್ತರ: ಭಿನ್ನವಾಗಿರುವುದು ನಿಜ, ಆದರೆ ಆ ಭೇದದ ಪ್ರಮಾಣವು ಪಕ್ಷಿಯ ಜಾತಿಯನ್ನು ಅವಲಂಬಿಸಿದೆ. 1976ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫರ್ನಾಂಡೋ ನಾಟೆಬಾಮ್ ಮತ್ತು ಆರ್ಥರ್ ಆರ್ನಾಲ್ಡ್ ಎಂಬ ವಿದ್ವಾಂಸರು, ಗಾಯನವನ್ನು ನಿಯಂತ್ರಿಸುವ ನರಕೇಂದ್ರಗಳು ಹೆಣ್ಣಿಗಿಂತ ಗಂಡಿನಲ್ಲಿ ಹಲವು ಪಟ್ಟು ದೊಡ್ಡವೆಂಬುದನ್ನು, ಬಣ್ಣವೇರಿಸಿದ ಮಿದುಳಿನ ಪದರಗಳಲ್ಲಿ ಬರಿಗಣ್ಣಿಗೇ ಗೋಚರಿಸುವಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಅವರು ಆರಿಸಿಕೊಂಡ ಎರಡು ಜಾತಿಗಳ ತಾರತಮ್ಯವೇ ನನಗೆ ಅತ್ಯಂತ ಮನೋಹರವಾಗಿ ತೋರುವುದು. ಆಸ್ಟ್ರೇಲಿಯದ ಜೀಬ್ರಾ ಫಿಂಚಿನ ಹೆಣ್ಣು ಹಾಡುವುದೇ ಇಲ್ಲ. ಪ್ರೌಢಾವಸ್ಥೆಯಲ್ಲಿ ಟೆಸ್ಟೋಸ್ಟೆರೋನ್ ಎಂಬ ಲಿಂಗರಸವನ್ನು ನೀಡಿದರೂ ಅದರ ಮೌನ ಮುರಿಯದು. ಕ್ಯಾನರಿಯ ಹೆಣ್ಣಾದರೋ ಅಲ್ಪಸ್ವಲ್ಪ ಹಾಡಬಲ್ಲುದು. ಅದೇ ರಸವನ್ನಿತ್ತರೆ ಗಂಡಿನಂತೆ ಹಾಡತೊಡಗುವುದಲ್ಲದೆ, ಅದರ ಗಾನಕೇಂದ್ರಗಳೂ ಹಿಗ್ಗುವುವು. ಅಂತೆಯೇ ಇವುಗಳ ಮಿದುಳಿನ ಲಿಂಗಭೇದವು ಫಿಂಚಿನಲ್ಲಿರುವುದಕ್ಕಿಂತ ಕಡಿಮೆ. ಗಂಡು ಹೆಣ್ಣುಗಳೆರಡೂ ಯುಗಳಗಾನ ಹಾಡುವ ಪನಾಮಾದ ಕೆಲವು ರೆನ್ ಪಕ್ಷಿಗಳಲ್ಲಿ ಈ ಅಂತರವು ಮತ್ತೂ ಕಿರಿದಾಗಿರುವುದು.

ಇದಕ್ಕೆಲ್ಲ ರಕ್ತದಲ್ಲಿ ಹರಿಯುವ ಲಿಂಗರಸವೊಂದೇ ಕಾರಣವೆನ್ನಲಾಗದು. 2003ರಲ್ಲಿ ವರದಿಯಾದ ಒಂದು ಅಪೂರ್ವ ಫಿಂಚ್, ಬಲಪಾರ್ಶ್ವದಲ್ಲಿ ಗಂಡಿನ ಗರಿಗಳನ್ನೂ ಎಡಪಾರ್ಶ್ವದಲ್ಲಿ ಹೆಣ್ಣಿನ ಗರಿಗಳನ್ನೂ ಧರಿಸಿದ್ದು, ಗಂಡಿನಂತೆಯೇ ಹಾಡುತ್ತಿದ್ದಿತು. ಎರಡು ಪಾರ್ಶ್ವಗಳಿಗೂ ಒಂದೇ ರಕ್ತ ಹರಿಯುತ್ತಿದ್ದರೂ, ಮುಖ್ಯ ಗಾನಕೇಂದ್ರವೊಂದು ಬಲಭಾಗದಲ್ಲಿ ಹೆಚ್ಚು ಬೆಳೆದಿದ್ದುದರಿಂದ, ನರಕೋಶಗಳೊಳಗಿನ ವಂಶವಾಹಿಗಳಿಗೂ ಈ ಭೇದದಲ್ಲಿ ಪಾಲುಂಟೆಂದು ವಿಜ್ಞಾನಿಗಳು ನಿರ್ಣಯಿಸಿದರು.