ಚಾರ್‌ಮಿನಾರ್ ಬಾಗಿಲಿನ ಅರ್ಧ ಅಕ್ಷರ

ರಾಯಚೂರು, ಮಾನ್ವಿ, ದೇವದುರ್ಗದ ಹಳೆಯ ಮನೆಗಳಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲಿ ಇನ್ನೂ ಉಳಿದಿರಬಹುದಾದ ನಾಣ್ಯವೊಂದಿದೆ. ಒಂದು ಮುಖದಲ್ಲಿ ಚಾರ್‌ಮಿನಾರ್, ಅದರ ನಡುಬಾಗಿಲಿನಲ್ಲಿ ಒಂದೇ ಒಂದು ಅರಬಿ ಅಕ್ಷರ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಕಾಲದಲ್ಲಿ ಆ ಬಾಗಿಲಲ್ಲಿ ‘ಮೀಮ್’ ಇತ್ತು. 1911ರ ಆಗಸ್ಟಿನಲ್ಲಿ ಅವರು ತೀರಿಕೊಂಡು ಮಗ ಉಸ್ಮಾನ್ ಅಲಿ ಖಾನ್ ಗಾದಿಗೆ ಬಂದಾಗ ಆ ಜಾಗಕ್ಕೆ ‘ಐನ್’ ಬಂತು. ಸ್ವಾರಸ್ಯ ಇರುವುದು ಇಲ್ಲಿ. ಹಿಜರಿ 1329 ಮತ್ತು 1330ರ ಮೊದಲ ನಾಣ್ಯಗಳಲ್ಲಿ ಕೂತದ್ದು ಪೂರ್ತಿ ಐನ್ ಅಲ್ಲ, ಅದರ ತಲೆ ಮಾತ್ರ. ಪದದ ಆರಂಭದಲ್ಲಿ ಬಂದು ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುವ, ಬಾಲವಿಲ್ಲದ ರೂಪ ಅದು. ಸ್ವಲ್ಪ ಕಾಲದಲ್ಲೇ ಕೆಳಗೆ ಸುತ್ತಿ ಬರುವ ಬಾಲದೊಂದಿಗೆ ಪೂರ್ಣ ಐನ್ ಬಂತು, ಕೊನೆತನಕ ಅದೇ ಉಳಿಯಿತು. ನಾಣ್ಯಪಟ್ಟಿಗಳು ಇವೆರಡನ್ನೂ ಬೇರೆ ಬೇರೆ ಬಗೆಯೆಂದೇ ನಮೂದಿಸುತ್ತವೆ. ಭೂತಗನ್ನಡಿ ಹಿಡಿದವರಿಗೆ ಇದಕ್ಕಿಂತ ಚೆಂದದ ಬಹುಮಾನ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಹಾಗಾದರೆ ಬಾಲವಿಲ್ಲದ ಐನ್ ಟಂಕಸಾಲೆಯ ತಪ್ಪೇ? ಅಲ್ಲ. ಚಿಲ್ಲರೆಯಲ್ಲಿ ಅಪರೂಪ ಹುಡುಕುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಅಚ್ಚಿನಲ್ಲೇ ಕೊರೆದ ರೂಪ ಆ ಅಚ್ಚಿನಿಂದ ಬಿದ್ದ ಪ್ರತಿ ನಾಣ್ಯದಲ್ಲೂ ಮರಳಿ ಬರುತ್ತದೆ, ಅದು ಬಗೆ. ಖಾಲಿ ಲೋಹದ ಬಿಲ್ಲೆ ಅಚ್ಚಿನಡಿ ಸರಿದು ಚಿತ್ರ ಅಂಚಿಗೆ ಜಾರಿದರೆ, ಮೊದಲ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನದರ ಮೇಲೆ ತಿರುಗುಮುರುಗಾದ ತಗ್ಗು ಚಿತ್ರ ಮೂಡಿಸಿದರೆ, ಅದು ತಪ್ಪು. ಈ ಎರಡರಲ್ಲೂ ಸೇರದ ಮೂರನೆಯ ರಾಶಿಯೇ ದೊಡ್ಡದು: ಟಂಕಸಾಲೆ ಬಿಟ್ಟ ಮೇಲೆ ಸುತ್ತಿಗೆ, ರೈಲು ಹಳಿ, ಆ್ಯಸಿಡ್ ಮಾಡಿದ ಗಾಯ. ವಿಚಿತ್ರವಾಗಿ ಕಂಡದ್ದೆಲ್ಲ ಅಪರೂಪವಲ್ಲ. ನಾಣ್ಯ ಹಾಗಾದದ್ದು ಟಂಕಸಾಲೆಯ ಯಾವ ಹಂತದಲ್ಲಿ ಎಂದು ಹೇಳಲಾಗದಿದ್ದರೆ ಅದಕ್ಕೆ ಮುಖಬೆಲೆಯೇ ಬೆಲೆ.

ಬಾಲವಿಲ್ಲದ ಐನ್ ಒತ್ತಿದ ಟಂಕಸಾಲೆ ಇಂದಿಗೂ ಕೆಲಸ ನಿಲ್ಲಿಸಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. 1903ರಲ್ಲಿ ಹೈದರಾಬಾದಿನ ಸೈಫಾಬಾದಿಗೆ ಬಂದ ನಿಜಾಮರ ಟಂಕಸಾಲೆಯನ್ನು 1950ರಲ್ಲಿ ಭಾರತ ಸರ್ಕಾರ ವಹಿಸಿಕೊಂಡಿತು, 1997ರಲ್ಲಿ ಅದು ಚೆರ್ಲಪಲ್ಲಿಗೆ ಹೋಯಿತು. ಇಸವಿಯ ಕೆಳಗೆ ಐದು ಮೂಲೆಯ ಪುಟ್ಟ ನಕ್ಷತ್ರವಿದ್ದರೆ ನಾಣ್ಯ ಅಲ್ಲಿಯದು. ಚುಕ್ಕೆ ನೋಯ್ಡಾದ್ದು, ವಜ್ರದ ಆಕಾರ ಮುಂಬೈಯದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ತೊಂದರೆ ಹುಟ್ಟುವುದು ಈ ‘ಏನೂ ಇಲ್ಲ’ದಲ್ಲಿ. ಅಚ್ಚಿನ ಸಣ್ಣ ಕುಳಿಯಲ್ಲಿ ಎಣ್ಣೆ, ಲೋಹದ ಪುಡಿ ಕೂತರೆ ನಕ್ಷತ್ರ ಮೂಡುವುದಿಲ್ಲ. ರಾಯಚೂರಿನ ತೀನ್ ಕಂದೀಲ್‌ನ ಕಿರಾಣಿ ಗಲ್ಲಾದಲ್ಲಿ ಸಿಕ್ಕ ಇಂಥ ನಾಣ್ಯವನ್ನು ‘ಗುರುತಿಲ್ಲದ ಅಪರೂಪ’ ಎಂದು ಯಾರಾದರೂ ಮೆರೆಸಬಹುದು. ಕೋಲ್ಕತ್ತದಿಂದ ಬಂದದ್ದೆಲ್ಲ ಗುರುತಿಲ್ಲದ್ದೇ ಆಗಿರುವಾಗ ಆ ಖಾಲಿ ಜಾಗ ಏನನ್ನೂ ಸಾಬೀತು ಮಾಡುವುದಿಲ್ಲ. ‘ತಪ್ಪು ಬಿಲ್ಲೆ’ಯ ಕತೆಗೂ ಇಂಥದೇ ಪರೀಕ್ಷೆ ಬೇಕು. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 25 ಮಿ.ಮೀ. ಅಗಲ, 4.85 ಗ್ರಾಂ ತೂಕ; 2011ರ ಎರಡು ರೂಪಾಯಿಯ ಅಳತೆಯೂ ತೂಕವೂ ಅಷ್ಟೇ. ಹಾಗಿರುವಾಗ ಒಂದರ ಬಿಲ್ಲೆ ಇನ್ನೊಂದಕ್ಕೆ ಹೋಯಿತೆಂದು ಬರೀ ಗಾತ್ರ ನೋಡಿ ವಾದಿಸಿದರೆ ನಂಬುವುದು ಹೇಗೆ?

ಕಣ್ಣಂದಾಜಿಗಿಂತ ತೂಕವನ್ನು ನಂಬಬೇಕೆನ್ನಲು ನಮ್ಮ ನೆಲದಲ್ಲೇ ಹಳೆಯ ಸಾಕ್ಷಿ ಇದೆ. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯೂ ಬ್ರಿಟಿಷರ ಕಲ್ದಾರ್ ರೂಪಾಯಿಯೂ ನಡೆಯುತ್ತಿದ್ದವು, ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಇದು ದೊರೆಯ ಮರ್ಜಿಯ ದರವೇನಲ್ಲ. ಕಲ್ದಾರ್ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ಶೇ 91.7 ಬೆಳ್ಳಿ, ಹಾಲಿ ಸುಮಾರು 11.18 ಗ್ರಾಂ, ಬೆಳ್ಳಿ ಶೇ 81.8. ಗುಣಿಸಿ ನೋಡಿ: ಏಳು ಹಾಲಿಯಲ್ಲೂ ಆರು ಕಲ್ದಾರಿನಲ್ಲೂ ಇರುವ ಬೆಳ್ಳಿ ಹೆಚ್ಚುಕಡಿಮೆ 64 ಗ್ರಾಂ. ಎರಡೂ ರೊಕ್ಕ ಕೈಗೆ ಬರುತ್ತಿದ್ದ ಸೀಮೆಯಲ್ಲಿ ವ್ಯಾಪಾರ ನಡೆದದ್ದು ಈ ಲೆಕ್ಕದ ಮೇಲೆ. ಮೊಮ್ಮಕ್ಕಳು ಅದೇ ಊರುಗಳಲ್ಲಿ ಕೂತು, ವೈಷ್ಣೋದೇವಿ ಚಿತ್ರದ 2012ರ ನಾಣ್ಯಕ್ಕೆ, ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟಿಗೆ ಲಕ್ಷ ಲಕ್ಷ ಬರುತ್ತದೆ ಎಂಬ ವಿಡಿಯೊ ನಂಬುತ್ತಿರುವುದು ವಿಪರ್ಯಾಸ. ಅವೆರಡೂ ಅಪಾರ ಸಂಖ್ಯೆಯಲ್ಲಿ ಚಲಾವಣೆಗೆ ಬಂದವು.

ತಪ್ಪು ನಾಣ್ಯಕ್ಕೆ ಹರಾಜಿನಲ್ಲಿ ಸಾವಿರಾರು ರೂಪಾಯಿ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಆದರೆ ಪರಿಣತರು ತೂಗಿ, ಅಳೆದು, ಕಾರಣ ಒಪ್ಪಿದ ಮೇಲೆ. ಹಣವಿಲ್ಲದಿದ್ದರೆ ಈ ಕಣ್ಣುನೋವು ಯಾಕೆ ಎನ್ನುವವರ ಮಾತಿಗೆ ತೂಕ ಹೆಚ್ಚು. ಅದಕ್ಕೆ ನನ್ನ ಉತ್ತರ: ಹುಡುಕಾಟಕ್ಕೆ ಸಮಯ ಕಡಿಮೆಯಾಗುತ್ತಿದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ ಕೊನೆಗೆ ನಿಂತುಹೋದವು. ದೇವದುರ್ಗದ ಚಹಾ ಅಂಗಡಿಯಲ್ಲೂ ಕ್ಯೂಆರ್ ಕೋಡ್ ತೂಗುತ್ತಿದೆ. 2023ರ ಜೂನ್‌ನಿಂದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಟಿಕೆಟಿನ ಚಿಲ್ಲರೆ ಕಂಡಕ್ಟರ್ ಚೀಲಕ್ಕೆ ಬೀಳುವುದೂ ನಿಂತಿತು. ಯೋಜನೆ ಒಳ್ಳೆಯದೇ, ನಾಣ್ಯಪ್ರಿಯರ ನಷ್ಟ ಯಾರೂ ಮರುಗಬೇಕಾದಷ್ಟು ದೊಡ್ಡದಲ್ಲ. ಆದರೂ 1990ರ ದಶಕದ ಕೊನೆಯಲ್ಲಿ ನಮ್ಮ ಟಂಕಸಾಲೆಗಳಿಗೆ ಬೇಡಿಕೆ ಪೂರೈಸಲಾಗದೆ ಪ್ರಿಟೋರಿಯಾ, ಮೆಕ್ಸಿಕೊಗಳಲ್ಲಿ ಒತ್ತಿಸಿದ ಭಾರತದ ರೂಪಾಯಿಗಳು ಇಂದಿಗೂ ಹುಂಡಿಗಳಲ್ಲಿ ಇಣುಕಬಹುದು. ಅವನ್ನು ಗುರುತಿಸಲು ಕಾಸು ಖರ್ಚಿಲ್ಲ, ಇಸವಿಯ ಕೆಳಗೆ ಕಣ್ಣು ಹಾಯಿಸಿದರೆ ಸಾಕು.

ಟ್ರಂಕಿನಲ್ಲಿ ಚಾರ್‌ಮಿನಾರ್ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಕಸಾಲಿಗರ ಮೂಸೆಗೂ ಕೊಡಬೇಡಿ. ಬಾಗಿಲಿನ ಅಕ್ಷರಕ್ಕೆ ಬಾಲ ಇದೆಯೇ ನೋಡಿ, ಸಿಕ್ಕ ಮನೆಯ ವಿವರ ಬರೆದಿಡಿ. ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಹಳೆಯ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವ ಕರೆ ಬಂದರೆ ಅದು ಮೋಸ. ಅಂಥ ವ್ಯವಹಾರಕ್ಕೆ ತಾನು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟಿನಲ್ಲೇ ಹೇಳಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.