‘ಆರಾಮಾಗಿದ್ದಾನೆ’ ಅಂತ ಹೇಳಬೇಕಾದವರು ಯಾರು?

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ತಾ ಪುನರ್ವಸತಿಯಲ್ಲಿ ಇರೋರು ನಿಜಕ್ಕೂ ಚೆನ್ನಾಗಿದ್ದಾರಾ? ಅದನ್ನ ಅಳೆಯೋದು ಹೇಗೆ? ಇವತ್ತು ನಾನು ಮಾತಾಡ್ತಿರೋದು ಇದರ ಬಗ್ಗೆ.

ಪುನರ್ವಸತಿ ಅಂದ್ರೆ ದಿನಚರಿ ರೂಢಿಸಿಕೊಳ್ಳೋದು, ಕೆಲಸ ಕಲಿಯೋದು, ಜನರ ಜೊತೆ ಮತ್ತೆ ಬೆರೆಯೋದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಸೇವೆ ಇದೆ. ಅಲ್ಲಿ ಬೇಕರಿ ಕೆಲಸವನ್ನೂ ಕಲಿಸ್ತಾರೆ.

ಇಲ್ಲಿ ಎರಡು ಥರದ ಅಳತೆ ಇದೆ. ಮೊದಲನೆಯದು ಹೊರಗಿನಿಂದ ನೋಡೋದು. ನಮ್ಮ ದೇಶದಲ್ಲಿ ಮಾನಸಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬಳಸೋ ‘ಐಡಿಯಾಸ್’ ಮಾಪನ ಅಂಥದ್ದು. ಸ್ವಂತ ಆರೈಕೆ, ಸಂಬಂಧಗಳು, ಸಂವಹನ ಮತ್ತು ತಿಳಿವಳಿಕೆ, ಕೆಲಸ. ಈ ನಾಲ್ಕರಲ್ಲಿ ಎಷ್ಟು ತೊಂದರೆ ಇದೆ ಅಂತ ತಜ್ಞರು ಅಂಕ ಕೊಡ್ತಾರೆ. 40% ಅಥವಾ ಹೆಚ್ಚು ಬಂದರೆ ಕಾನೂನಿನ ಹಲವು ಸೌಲಭ್ಯಗಳಿಗೆ ದಾರಿ ಆಗುತ್ತೆ.

ಎರಡನೆಯದು, ಅದೇ ವ್ಯಕ್ತಿಯನ್ನ ಕೇಳೋದು. ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ 1998ರಿಂದ ಬಳಕೆಯಲ್ಲಿದೆ. ಇರೋದು ಐದೇ ಅಂಶ: ಕಳೆದ ಎರಡು ವಾರದಲ್ಲಿ ಮನಸ್ಸು ಖುಷಿಯಾಗಿತ್ತಾ, ನೆಮ್ಮದಿ ಇತ್ತಾ, ಚಟುವಟಿಕೆಯಿಂದ ಇದ್ರಾ, ಎದ್ದಾಗ ಫ್ರೆಶ್ ಅನಿಸ್ತಾ, ದಿನದಲ್ಲಿ ಆಸಕ್ತಿ ಹುಟ್ಟಿಸೋ ಸಂಗತಿ ಇತ್ತಾ? ಪ್ರತಿಯೊಂದಕ್ಕೂ 0ಯಿಂದ 5 ಅಂಕ. ಒಟ್ಟನ್ನ 4ರಿಂದ ಗುಣಿಸಿದರೆ 100ಕ್ಕೆ ಎಷ್ಟು ಅಂತ ಸಿಗುತ್ತೆ. ಐದಕ್ಕೂ 2 ಕೊಟ್ಟರೆ 40. ಸಾಮಾನ್ಯವಾಗಿ 50ಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ವಿಚಾರಿಸಬೇಕು ಅನ್ನೋ ಸೂಚನೆ. ಅದೊಂದರಿಂದಲೇ ಕಾಯಿಲೆ ಅಂತ ತೀರ್ಮಾನಿಸೋ ಹಾಗಿಲ್ಲ.

ಈ ಎರಡು ಅಳತೆ ಯಾವಾಗಲೂ ಹೊಂದಬೇಕು ಅಂತೇನಿಲ್ಲ. ‘ಈಗ ಗಲಾಟೆ ಇಲ್ಲ, ಟೈಮಿಗೆ ಊಟ ಮಾಡ್ತಾನೆ, ಆರಾಮಾಗಿದ್ದಾನೆ’ ಅಂತ ಮನೆಯವರು ಹೇಳಬಹುದು. ಆದರೆ ಕೆಲವು ಔಷಧಿಗಳಿಂದ ಬರೋ ಮಂಪರು, ಆಸಕ್ತಿಯೇ ಇಲ್ಲದ ದಿನಗಳು ಹೊರಗಿನವರಿಗೆ ‘ಶಾಂತ’ವಾಗಿಯೇ ಕಾಣುತ್ತವೆ. ಹಾಗಾಗಿ ಒಟ್ಟು ಅಂಕದ ಜೊತೆ ಯಾವ ಪ್ರಶ್ನೆಯಲ್ಲಿ ಅಂಕ ಬಿತ್ತು ಅಂತಲೂ ನೋಡಬೇಕು. ‘ಫ್ರೆಶ್’ ಪ್ರಶ್ನೆಗೆ 0 ಬಂದರೆ ಔಷಧಿ, ನಿದ್ದೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಬೇಕು. ನಾವೇ ಮಾತ್ರೆ ನಿಲ್ಲಿಸಬಾರದು. ‘ಆಸಕ್ತಿ’ಗೆ 0 ಬಂದರೆ, ಕಲಿಸ್ತಿರೋ ಕೆಲಸ ಅವರಿಗೆ ಇಷ್ಟನಾ ಅಂತ ಕೇಳಬೇಕು.

ಇನ್ನೊಂದು ಮಾತು. ಅಪ್ಪ-ಅಮ್ಮ ಪಕ್ಕದಲ್ಲೇ ಕೂತಿದ್ದಾಗ ‘ಹೇಗಿದ್ದೀಯಾ?’ ಅಂದ್ರೆ ನಮ್ಮಲ್ಲಿ ಬರೋ ಉತ್ತರ ‘ಚೆನ್ನಾಗಿದ್ದೀನಿ’. ಆದ್ದರಿಂದ ಅವರನ್ನ ಒಬ್ಬರೇ ಇದ್ದಾಗ, ನಿಧಾನವಾಗಿ ಕೇಳಿ. ಕೆಲವು ವಾರ ಬಿಟ್ಟು ಮತ್ತೆ ಕೇಳಿ, ಅವರದ್ದೇ ಹಿಂದಿನ ಅಂಕದ ಜೊತೆ ಹೋಲಿಸಿ. ಪಕ್ಕದ ಮನೆಯವರ ಜೊತೆ ಬೇಡ.

ಸಹಾಯ ಬೇಕಿದ್ದರೆ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.