ಗಂಟೆಗೆ ಎರಡು ರೂಪಾಯಿ

2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. 26 ದಿನದ ಕೆಲಸಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಎರಡೇ ರೂಪಾಯಿ. ಗಂಟೆಗೆ ನೂರು ಪೀಸ್ ಟಾರ್ಗೆಟ್ ಇರುವ ಲೈನಿನಲ್ಲಿ ಕೂತು ಕಾಲರ್ ಹೊಲಿಯುವ ಹೆಂಗಸಿಗೆ, ಪೀಸಿಗೆ ಎರಡು ಪೈಸೆ.

ಆ ಎರಡು ಪೈಸೆ ಅವಳ ಕೈಗೆ ಬರಲಿಲ್ಲ.

ಲೈನಿನ ಪಕ್ಕದ ಬೋರ್ಡಿನ ಮೇಲೆ ಪ್ರತಿ ಗಂಟೆಯ ಪ್ರೊಡಕ್ಷನ್ ಬರೆಯುತ್ತಾರೆ. ನೂರರ ಜಾಗದಲ್ಲಿ 98 ಆದರೆ ಉಳಿದೆರಡು ಎಲ್ಲಿ ಎಂದು ಸೂಪರ್‌ವೈಸರ್ ಬಂದು ನಿಲ್ಲುತ್ತಾರೆ. ಅಷ್ಟು ಬಿಗಿ ಲೆಕ್ಕದ ಜಾಗದಲ್ಲಿ ಈ ಲೆಕ್ಕ ಮಾತ್ರ ತಪ್ಪುತ್ತಾ ಹೋಯಿತು.

ಬಾಕಿ ಇದ್ದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ. ನಾಲ್ಕೇ ಲಕ್ಷ ಎಂದು ಹಿಡಿದರೂ ಒಂದು ತಿಂಗಳಿಗೆ 16 ಕೋಟಿ 68 ಲಕ್ಷ ರೂಪಾಯಿ, 20 ತಿಂಗಳಿಗೆ 333 ಕೋಟಿ! 2021ರ ಡಿಸೆಂಬರ್ ಹೊತ್ತಿಗೆ ಕಾರ್ಮಿಕರ ಹಕ್ಕುಗಳ ಮೇಲೆ ಕಣ್ಣಿಡುವ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಹೇಳಿದ ಮೊತ್ತ ಅದಕ್ಕೂ ದೊಡ್ಡದು, ನಮ್ಮ ದುಡ್ಡಿನಲ್ಲಿ 400 ಕೋಟಿಗೂ ಮೇಲೆ. ಎರಡೆರಡು ಪೈಸೆ ಸೇರಿ ಆದ 400 ಕೋಟಿ ಅದು.

ಕೋರ್ಟು ಸುಮ್ಮನಿತ್ತೇ? ಇಲ್ಲ. ಕೋವಿಡ್ ಹೆಸರಿನಲ್ಲಿ ಸರ್ಕಾರ 2020ರ ಜುಲೈನಲ್ಲಿ ತುಟ್ಟಿಭತ್ಯೆಯನ್ನು ಮುಂದೂಡಿತು. ಕಾರ್ಮಿಕ ಸಂಘಟನೆ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್‌ನಲ್ಲೇ ಕೋರ್ಟು ಆ ಆದೇಶವನ್ನು ತಡೆದು, ಬಾಕಿ ಸಮೇತ ಕೊಡಬೇಕೆಂದಿತು. ಆಮೇಲೂ ಒಂದು ವರ್ಷ ಕಳೆಯಿತು. ದುಡ್ಡು ಬರಲಿಲ್ಲ.

ಒಬ್ಬೊಬ್ಬರೇ ಕೇಸು ಹಾಕಬಹುದಿತ್ತಲ್ಲ ಎನ್ನುವವರು ಈ ಲೆಕ್ಕವನ್ನೂ ನೋಡಲಿ. ಒಂದು ದಿನ ವಿಚಾರಣೆಗೆ ಹೋದರೆ ಆವತ್ತಿನ ಕೂಲಿ ಸುಮಾರು 350 ರೂಪಾಯಿ ಹೋಯಿತು. ಅಂದರೆ 22 ದಿನದ ಬಾಕಿ ಒಂದೇ ಮಧ್ಯಾಹ್ನಕ್ಕೆ ಕರಗಿತು, ಬಸ್ ಚಾರ್ಜು ಬೇರೆ. ನಾಲ್ಕು ಲಕ್ಷ ಜನ ಬೇರೆ ಬೇರೆ ಅರ್ಜಿ ಹಾಕಿ, ಒಬ್ಬ ಅಧಿಕಾರಿ ದಿನಕ್ಕೆ 50ರಂತೆ ವರ್ಷದಲ್ಲಿ 300 ದಿನ ಇತ್ಯರ್ಥ ಮಾಡಿದರೂ 26 ವರ್ಷ ದಾಟುತ್ತದೆ. ಇವತ್ತು ಹುಟ್ಟಿದ ಮಗು ಅಷ್ಟರಲ್ಲಿ ತಾನೇ ಮಿಷಿನ್ ಮುಂದೆ ಕೂತಿರುತ್ತದೆ. 1948ರ ಕನಿಷ್ಠ ವೇತನ ಕಾಯ್ದೆ ಎಷ್ಟೇ ಜನರ ಪರವಾಗಿ ಒಂದೇ ಅರ್ಜಿಗೆ ಅವಕಾಶ ಕೊಟ್ಟಿತ್ತು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಇಟ್ಟಿತ್ತು. ಅದು ಯೂನಿಯನ್ ಇದ್ದ ಕಡೆಗೆ ಬಲ. ಇಲ್ಲದ ಕಡೆ, ಆರು ತಿಂಗಳೊಳಗೆ ಅರ್ಜಿ ಕೊಡಬೇಕು ಎಂಬ ಗಡುವೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಕೊನೆಗೆ ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ನಮ್ಮ ಹೈಕೋರ್ಟಿನ ಮಾತಿಗೆ ಬಗ್ಗದವರು ಗಿರಾಕಿಯ ಮಾತಿಗೆ ಬಗ್ಗಿದರು ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಗಾರ್ಮೆಂಟ್ಸಿಗೆ ಹೋಗುವವರಿದ್ದರೆ, ಏಪ್ರಿಲ್ ತಿಂಗಳ ಪೇಸ್ಲಿಪ್ ತೆಗೆಸಿ ತುಟ್ಟಿಭತ್ಯೆ (ಡಿಎ) ಏರಿದೆಯೇ ನೋಡಿ. ಹೊಸ ವೇತನ ಸಂಹಿತೆಯಲ್ಲಿ ಬಾಕಿ ಕೇಳುವ ಗಡುವು ಮೂರು ವರ್ಷ.